ಪರಿಶೀಲನೆಯಲ್ಲಿರುವ ಹುಲ್ಲು

ಏಳು ಹೆಂಡಿರ ರಾಜನ ಕಥೆ ಎಲ್ಲರಿಗೂ ಗೊತ್ತು. ನಮ್ಮ ವಿಳಾಸಪ್ಪನಿಗೆ ಇದ್ದವಳು ಒಬ್ಬಳೇ ಹೆಂಡತಿ. ಆ ಹೆಂಡತಿಗೆ ಎರಡು ಕಾಲು. ಮುಂದೆ ನಡೆದದ್ದೆಲ್ಲ ಆ ಎರಡು ಕಾಲಿನ ದೆಸೆಯಿಂದ.

ಅವಳು ಬಟ್ಟೆ ಅಂಗಡಿಯಲ್ಲಿ ದಿನಕ್ಕೆ ಒಂಬತ್ತು ಗಂಟೆ ನಿಂತು ಬಟ್ಟೆ ಅಳೆದು ಹರಿಯುವವಳು. ಕೌಂಟರಿನ ಹಿಂದೆ ಒಂದು ಸ್ಟೂಲು ಇರಲಿಲ್ಲ ಅಂತಲ್ಲ. ಇತ್ತು, ಅದರ ಮೇಲೆ ಮಾಲೀಕರ ಟೇಬಲ್ ಫ್ಯಾನು ಕೂತಿತ್ತು. ಸಂಜೆ ಮನೆಗೆ ಬಂದು ಚಪ್ಪಲಿ ಬಿಟ್ಟರೆ ಅದರ ಪಟ್ಟಿಗಳು ಪಾದದ ಮೇಲೆ ಅಚ್ಚೊತ್ತಿದಂತೆ ಉಳಿದಿರುತ್ತಿದ್ದವು. ಮದುವೆಯಾಗಿ ಹನ್ನೊಂದು ವರ್ಷಗಳಲ್ಲಿ ಅವಳು ಗಂಡನನ್ನು ಕೇಳಿದ್ದು ಒಂದೇ ಒಂದು.

"ರೀ, ಮನೆ ಮುಂದೆ ಅಷ್ಟಗಲ ಹುಲ್ಲಿದೆ. ಒಂದು ಸಂಜೆ ಅದರ ಮೇಲೆ ಕಾಲು ಚಾಚಿ ಕೂತ್ಕೋಬೇಕು ನಾನು. ಅಷ್ಟೇ."

ಸಂಸಾರದಲ್ಲಿ 'ಅಷ್ಟೇ' ಅನ್ನುವುದಕ್ಕಿಂತ ದೊಡ್ಡ ಮಾತು ಇನ್ನೊಂದಿಲ್ಲ. ಅರಮನೆ ಕೇಳುವ ಹೆಂಡತಿಗೆ ಇಲ್ಲ ಅನ್ನಬಹುದು, ಅವಳೂ ನಗುತ್ತಾಳೆ. ಅಷ್ಟೇ ಅನ್ನುವವಳಿಗೆ ಏನು ಹೇಳುವುದು?

ಹಾಗಂತ ಹುಲ್ಲು ಸುಮ್ಮನೆ ಬಿದ್ದಿರಲಿಲ್ಲ. ಆ ಬೀದಿಯಲ್ಲಿ ಇಪ್ಪತ್ತು ಮನೆ, ಒಂದೇ ಅಚ್ಚಿನವು. ಇಪ್ಪತ್ತು ಮನೆಗೆ ಇಪ್ಪತ್ತು ಹುಲ್ಲುಹಾಸು. ಇಪ್ಪತ್ತು ಹುಲ್ಲುಹಾಸಿಗೆ ಒಂದು ಸಮಿತಿ. ಸಮಿತಿಗೆ ಒಬ್ಬರೇ ಅಧ್ಯಕ್ಷರು, ಪಕ್ಕದ ಮನೆಯ ಡ್ರಿಲ್ ಮಾಸ್ತರು. ಶಾಲೆಯಿಂದ ನಿವೃತ್ತರಾಗಿ ಒಂಬತ್ತು ವರ್ಷವಾಗಿದ್ದರೂ ಅವರ ಗಂಟಲಿಗೆ ಇನ್ನೂ ಆದೇಶ ತಲುಪಿರಲಿಲ್ಲ. ಮಕ್ಕಳು ಸಿಕ್ಕದ ಮೇಲೆ ಅವರು ಹುಲ್ಲನ್ನು ಸಾಲಾಗಿ ನಿಲ್ಲಿಸುತ್ತಿದ್ದರು. ಹುಲ್ಲು ಎರಡು ಬೆರಳು ದಾಟಬಾರದು, ಅದು ಕಾನೂನು. ಭಾನುವಾರ ಬೆಳಗ್ಗೆ ಸ್ಕೇಲು ಹಿಡಿದು ಬಗ್ಗಿ ಬಗ್ಗಿ ಅಳೆಯುತ್ತಿದ್ದರು.

ಹೀಗಾಗಿ ವಿಳಾಸಪ್ಪನ ಹುಲ್ಲು ನೀರು ಹಾಕಿದ ದಿನ ಕೆಸರು, ಹಾಕದ ದಿನ ಮುಳ್ಳು, ಗೊಬ್ಬರ ಹಾಕಿದ ದಿನ ಮೂಗು ಮುಚ್ಚಬೇಕು, ಹೊಸ ಬೀಜ ಹಾಕಿದ ತಿಂಗಳು ಕಾಲಿಡಬಾರದು. ಇನ್ನು ಮೆಷಿನ್ನು ತಳ್ಳಿ ಕತ್ತರಿಸಿದ ದಿನ ಸೊಂಟ ಹಿಡಿದುಕೊಂಡು ಅವನೇ ಅದರ ಮೇಲೆ ಉದ್ದಕ್ಕೆ ಮಲಗಿರುತ್ತಿದ್ದ. ಹೆಂಡತಿಗೆ ಜಾಗವೆಲ್ಲಿ?

ಈ ವಿಳಾಸಪ್ಪ ಅನ್ನುವುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ, ಬೀದಿ ಇಟ್ಟದ್ದು. ಅಂಚೆ ಕಚೇರಿಯಲ್ಲಿ ವಿಳಾಸ ಸರಿಯಿಲ್ಲದ ಪತ್ರಗಳ ವಿಭಾಗ ಅಂತ ಒಂದು ಕೋಣೆ ಇತ್ತು. ಆ ಕೋಣೆಗೆ ಒಂದು ಮೇಜು. ಆ ಮೇಜಿಗೆ ಇವನು. 'ಕೆಂಪು ಬಾಗಿಲಿನ ಮನೆಯ ದಪ್ಪ ಅತ್ತೆಗೆ' ಎಂದು ಬರೆದ ಕಾಗದವನ್ನೂ ಅವನು ಸರಿಯಾದ ಅತ್ತೆಗೆ ಮುಟ್ಟಿಸಿದ್ದ. ಯಾವ ಕಾಗದಕ್ಕೂ ಮನೆ ಹುಡುಕಬಲ್ಲ ಮನುಷ್ಯ, ಆದರೆ ಯಾರಾದರೂ ಎದುರು ನಿಂತು ಪ್ರಶ್ನೆ ಕೇಳಿದರೆ ಉತ್ತರ ಮಾತ್ರ ಸಿಕ್ಕುತ್ತಿರಲಿಲ್ಲ. ಸರಿಯಾದ ಉತ್ತರ ಅವನ ಬಾಯಿಗೆ ಬರುತ್ತಿದ್ದುದು ಮೂರನೆಯ ದಿನ, ಸಾಮಾನ್ಯವಾಗಿ ಹಲ್ಲುಜ್ಜುವಾಗ. ಅಷ್ಟರಲ್ಲಿ ಕೇಳಿದವರು ತಮಗೆ ಬೇಕಾದ ಉತ್ತರ ತೆಗೆದುಕೊಂಡು ಹೋಗಿ ಎರಡು ದಿನವಾಗಿರುತ್ತಿತ್ತು.

ಒಂದು ದಿನ ಕ್ಷೌರದಂಗಡಿಯಲ್ಲಿ ತಲೆ ಕೊಟ್ಟು ಕೂತು ಹಳೇ ಪತ್ರಿಕೆ ತಿರುವುತ್ತಿದ್ದಾಗ ಅವನ ಕಣ್ಣು ಒಂದು ಪುಟದಲ್ಲಿ ಸಿಕ್ಕಿಕೊಂಡಿತು. ಹುಲ್ಲಿನ ಜೊತೆ ಕ್ಲೋವರ್ ಬೀಜ ಬೆರೆಸಿ ಹಾಕಿ. ಮೂರೆಲೆಯ ಪುಟ್ಟ ಗಿಡ, ನೆಲಕ್ಕೆ ಅಂಟಿಕೊಂಡು ಬೆಳೆಯುತ್ತದೆ. ನೀರು ಕಡಿಮೆ ಸಾಕು. ಗಾಳಿಯಲ್ಲಿರುವ ಸಾರವನ್ನು ಬೇರಿನ ಗಂಟುಗಳಲ್ಲಿ ಹಿಡಿದು ತನಗೂ ಪಕ್ಕದ ಹುಲ್ಲಿಗೂ ಗೊಬ್ಬರ ಒದಗಿಸುತ್ತದೆ. ಕತ್ತರಿಸುವುದು ವರ್ಷಕ್ಕೆ ನಾಲ್ಕು ಸಲವಾದರೆ ಹೆಚ್ಚು. ಜೇನುನೊಣಗಳಿಗೆ ಊಟ. ಕೊನೆಯ ಸಾಲು ಹೀಗಿತ್ತು: 'ಬರಿಗಾಲಿಗೆ ಮೆತ್ತಗೆ.'

ವಿಳಾಸಪ್ಪ ಎದ್ದು ನಿಂತ.

"ಸ್ವಾಮಿ, ಇನ್ನೊಂದು ಪಕ್ಕ ಬಾಕಿ ಇದೆ!" ಅಂದ ಕ್ಷೌರಿಕ.

"ನಾಳೆ ಬರ್ತೀನಿ," ಅಂದು ಅರ್ಧ ತಲೆಯಲ್ಲೇ ಬೀಜದ ಅಂಗಡಿಗೆ ಓಡಿದ.

ಸಾಸಿವೆಗಿಂತ ಸಣ್ಣ ಬೀಜ. ಮರಳಿನಲ್ಲಿ ಬೆರೆಸಿ, ಹಳೇ ಹುಲ್ಲನ್ನು ಕೆರೆದು, ಉಪ್ಪು ಉದುರಿಸುವ ಹಾಗೆ ಉದುರಿಸಿದ. ಬೋಳು ಬಿದ್ದಲ್ಲಿ ಹುಲ್ಲಿನ ಬೀಜವನ್ನೂ ಸೇರಿಸಿದ. ಮೇಲೆ ನಾಲ್ಕು ಹೆಜ್ಜೆ ನಡೆದು ಒತ್ತಿದ. ಹೆಂಡತಿ ಬಾಗಿಲಲ್ಲಿ ಒಂದು ಕಾಲನ್ನು ಇನ್ನೊಂದಕ್ಕೆ ತಿಕ್ಕುತ್ತಾ ನೋಡಿದಳು.

"ಇದಕ್ಕೂ ಕಾಲಿಡೋ ಹಾಗಿಲ್ವಾ?"

"ಎರಡು ತಿಂಗಳು ಕಣೇ. ಆಮೇಲೆ ಜನ್ಮಪೂರ್ತಿ ಕೂತ್ಕೋ. ನಿಮ್ಮ ಅಂಗಡಿ ಬಣ್ಣ ಬಳಿಯೋಕೆ ನಾಲ್ಕು ದಿನ ಮುಚ್ಚುತ್ತೆ ಅಂದ್ಯಲ್ಲ, ಆ ಮೊದಲನೇ ಸಂಜೆ. ನನ್ನ ಮಾತು."

"ಹನ್ನೊಂದು ವರ್ಷದಿಂದ ನಿಮ್ಮ ಮಾತಿನ ಮೇಲೇ ಕೂತಿದೀನಿ. ಹುಲ್ಲಿಗಿಂತ ಚುಚ್ಚುತ್ತೆ," ಅಂದಳು ಅವಳು. ಆದರೂ ನಕ್ಕಳು.

ಇಲ್ಲಿಗೆ ನಿಲ್ಲಿಸಿದ್ದರೆ ಎಲ್ಲ ಸುಖವಾಗಿರುತ್ತಿತ್ತು. ಆದರೆ ಪೇಪರು ಹಾಕುವವನೂ ಹಾಲಿನವನೂ ಆ ಹುಲ್ಲನ್ನು ಅಡ್ಡಹಾದಿ ಮಾಡಿಕೊಂಡಿದ್ದರು. ಅವರನ್ನು ತಡೆಯಲು ಏನಾದರೂ ಬೇಕಿತ್ತು. ವಿಳಾಸಪ್ಪ ಜೇಬು ತಡವಿದ. ಕಚೇರಿಯಲ್ಲಿ ಮೊಹರು ಓರೆಯಾಗಿ ಬಿದ್ದು ರದ್ದಾದ ಚೀಟಿಗಳನ್ನು ಅವನು ತರಕಾರಿ ಪಟ್ಟಿ ಬರೆಯಲು ಇಟ್ಟುಕೊಳ್ಳುತ್ತಿದ್ದ. ವಾರಸುದಾರರು ಸಿಕ್ಕದ ಪೊಟ್ಟಣಗಳಿಗೆ ಕಟ್ಟುವ ಕಂದು ರಟ್ಟಿನ ಚೀಟಿ. ಒಂದನ್ನು ಕಡ್ಡಿಗೆ ಕಟ್ಟಿ ನೆಲದಲ್ಲಿ ನೆಟ್ಟ. ಅದರ ಮೇಲೆ ದಪ್ಪ ಅಕ್ಷರದಲ್ಲಿ ಹೀಗೆ ಅಚ್ಚಾಗಿತ್ತು:

'ಇಲಾಖೆಯ ಪರಿಶೀಲನೆಯಲ್ಲಿದೆ. ಮೇಲಿನವರ ಅಪ್ಪಣೆಯಿಲ್ಲದೆ ಮುಟ್ಟಕೂಡದು.'

ಕೆಳಗೆ ದುಂಡನೆಯ ಮೊಹರು. ವಿಳಾಸಪ್ಪನ ಕಣ್ಣಿಗೆ ಅದು ರದ್ದಿ. ಇಪ್ಪತ್ತು ವರ್ಷದಿಂದ ಮೊಹರು ಒತ್ತುವವನಿಗೆ ಮೊಹರಿನ ಭಯ ಎಲ್ಲಿಂದ ಬರಬೇಕು?

ಬೆಳಗ್ಗೆ ಆರೂವರೆಗೆ ಡ್ರಿಲ್ ಮಾಸ್ತರು ಬೇಲಿ ದಾಟಿ ಬಂದರು. ಚೀಟಿಯ ಮುಂದೆ ನಿಂತರು. ಓದಿದರು. ಬೆನ್ನು ಇನ್ನಷ್ಟು ನೆಟ್ಟಗಾಯಿತು.

"ಏನ್ರೀ ಇದು!"

"ಚೀಟಿ ಸಾರ್."

"ಚೀಟಿ ಅಂತ ಕಾಣುತ್ತೆ. ಯಾರದು?"

"ಇಲಾಖೇದು ಸಾರ್." ಅದು ಸುಳ್ಳಲ್ಲ, ನೀವೇ ನೋಡಿ.

"ಒಳಗೆ ಏನಿದೆ?"

"ಕ್ಲೋವರು ಸಾರ್. ಸ್ವಲ್ಪ ಹುಲ್ಲು. ನೀರು ಹೆಚ್ಚು ಬೇಡ, ಗೊಬ್ಬರ ಅದೇ ಮಾಡ್ಕೊಳ್ಳುತ್ತೆ."

"ಗೊಬ್ಬರ ಅದೇ ಮಾಡ್ಕೊಳ್ಳುತ್ತಾ? ಯಾವುದರಿಂದ?"

"ಗಾಳಿಯಿಂದ ಸಾರ್."

ಡ್ರಿಲ್ ಮಾಸ್ತರು ಬಲಕ್ಕೆ ನೋಡಿದರು, ಎಡಕ್ಕೆ ನೋಡಿದರು. ಧ್ವನಿ ತಗ್ಗಿಸಿದರು, ಅಂದರೆ ಎಂಟು ಮನೆಗೆ ಮಾತ್ರ ಕೇಳಿಸಿತು. "ಗಾಳಿಯಿಂದ ಗೊಬ್ಬರ! ಇದನ್ನ ಇಲಾಖೆ ಗುಟ್ಟಾಗಿ ನಮ್ಮ ಬೀದಿಲಿ ಪರೀಕ್ಷೆ ಮಾಡ್ತಿದೆ. ಹೌದೋ ಅಲ್ವೋ?"

ಅಲ್ಲ ಅನ್ನಬೇಕಿತ್ತು. ಆ ಎರಡು ಅಕ್ಷರಕ್ಕಾಗಿ ವಿಳಾಸಪ್ಪ ಒಳಗೆಲ್ಲ ಹುಡುಕಿದ. ಹುಡುಕುತ್ತಾ ತಲೆ ಕೆಳಗೆ ಹಾಕಿದ. ತಲೆ ಕೆಳಗೆ ಹಾಕಿದ್ದನ್ನು ಮಾಸ್ತರು ತಲೆ ಆಡಿಸಿದ್ದೆಂದು ತಿಳಿದರು.

"ಅರ್ಥವಾಯ್ತು. ಹೇಳಬಾರದ್ದನ್ನ ಹೇಳಬೇಡಿ," ಎಂದು ಚೀಟಿಗೆ ಒಂದು ಸೆಲ್ಯೂಟು ಹೊಡೆದು ಹೋದರು.

ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜಾತಿ ನಮ್ಮದು. ಮಧ್ಯಾಹ್ನದ ಹೊತ್ತಿಗೆ ಬೀದಿಯ ಆ ತುದಿಯಲ್ಲಿ ಅದು ಗಾಳಿ ತಿಂದು ಬದುಕುವ ಹುಲ್ಲಾಗಿತ್ತು. ಸಂಜೆಗೆ ಈ ತುದಿಯಲ್ಲಿ ಅದನ್ನು ತಿಂದರೆ ಮನುಷ್ಯನೂ ಗಾಳಿಯಲ್ಲೇ ಬದುಕಬಹುದು ಎಂದಾಗಿತ್ತು. ಬ್ರೆಡ್ಡಿನ ಅಂಗಡಿಯವನು ಮಾತ್ರ, "ಹಂಗಾದ್ರೆ ನನ್ನ ಗತಿ ಏನು?" ಎಂದು ಚಿಂತೆಗೆ ಬಿದ್ದ.

ಮೂರನೆಯ ದಿನ ಹಲ್ಲುಜ್ಜುತ್ತಿದ್ದಾಗ ವಿಳಾಸಪ್ಪನಿಗೆ 'ಅಲ್ಲ' ಸಿಕ್ಕಿತು. ನೊರೆಬಾಯಲ್ಲೇ ಓಡಿಬಂದು ಹೆಂಡತಿಗೆ ಎಲ್ಲ ಹೇಳಿದ. ಅವಳು ಹೊಟ್ಟೆ ಹಿಡಿದುಕೊಂಡು ನಕ್ಕು, "ಬಾಯಿ ತೊಳ್ಕೊಂಡು ಹೋಗಿ ಹೇಳಿಬಿಡಿ. ಏನು ತಲೆ ತೆಗೀತಾರಾ?" ಅಂದಳು.

ಹೋದ. ಡ್ರಿಲ್ ಮಾಸ್ತರು ಅವನನ್ನು ಕೂರಿಸಿ, ತಾವು ನಿಂತೇ ಇದ್ದು, ಚಹಾ ಕೊಟ್ಟರು. ಅವನು ಬಾಯಿ ತೆರೆಯುವುದರೊಳಗೆ ಅವರೇ ಶುರು ಮಾಡಿದರು.

"ಒಂದು ಮಾತು ಹೇಳ್ತೀನಿ, ಯಾರಿಗೂ ಹೇಳಬೇಡಿ. ಮೂವತ್ತೊಂದು ವರ್ಷ ಮಕ್ಕಳನ್ನ ಎಡಕ್ಕೆ ಬಲಕ್ಕೆ ತಿರುಗಿಸಿದೆ. ಒಂದು ಸಲಾನೂ ನಮ್ಮ ಶಾಲೇನ ಯಾವ ಪಥಸಂಚಲನಕ್ಕೂ ಆರಿಸಲಿಲ್ಲ. ಈ ಬೀದೀನೂ ಅಷ್ಟೇ, ನಗರಸಭೆಯ ನಕ್ಷೆಲಿ ಅರ್ಧ ಅಳಿಸಿಹೋಗಿದೆ. ಈಗ ನೋಡಿ, ಇಷ್ಟು ಬೀದಿ ಬಿಟ್ಟು ನಮ್ಮ ಬೀದೀನ ಆರಿಸಿದಾರೆ!" ಅವರ ಮೀಸೆಯ ತುದಿ ಅಲುಗಿತು. "ಏನೋ ಹೇಳೋಕೆ ಬಂದ್ರಿ?"

"ಚಹಾ ಚೆನ್ನಾಗಿದೆ ಸಾರ್," ಅಂದ ವಿಳಾಸಪ್ಪ.

"ಹೇಳಿದ್ರಾ?" ಎಂದು ಕೇಳಿದಳು ಹೆಂಡತಿ, ಅವನು ಮನೆಗೆ ಬಂದೊಡನೆ.

"ಎರಡು ಲೋಟ ಕುಡಿದೆ."

ಅವಳು ಗಂಡನ ಮುಖ ನೋಡಿದಳು.

ಅಷ್ಟರಲ್ಲಿ ಬೀಜ ಮೊಳೆಯಿತು. ಒಂದು ವಾರಕ್ಕೆ ಸೂಜಿಮೊನೆಯಷ್ಟು ಹಸಿರು, ಮೂರು ವಾರಕ್ಕೆ ಮೂರು ಮೂರು ಎಲೆ, ಒಂದೂವರೆ ತಿಂಗಳಿಗೆ ಇಡೀ ಬೀದಿಯ ಹುಲ್ಲು ಬಿಸಿಲಿಗೆ ಕಾಗದದ ಬಣ್ಣಕ್ಕೆ ತಿರುಗಿದ್ದರೆ ವಿಳಾಸಪ್ಪನದಾದ ಏಳನೇ ಮನೆಯ ಮುಂದೆ ಮಾತ್ರ ಹಸಿರು ಕಂಬಳಿ ಹಾಸಿದಂತೆ. ಜನ ನಿಂತು ನೋಡಿದರು. ನೀರಿಲ್ಲ, ಗೊಬ್ಬರವಿಲ್ಲ, ಮೆಷಿನ್ನಿನ ಸದ್ದಿಲ್ಲ. ಇಲಾಖೆಯ ಕೈವಾಡವಲ್ಲದೆ ಮತ್ತೇನು?

ಒಂದು ಭಾನುವಾರ ವಿಳಾಸಪ್ಪನ ಅಕ್ಕ ಊರಿನ ಆ ಕಡೆಯಿಂದ ಎರಡು ಬಸ್ಸು ಬದಲಾಯಿಸಿ ಬಂದಳು.

"ಲೋ, ನನ್ನ ತಮ್ಮ ವಿಜ್ಞಾನಿ ಆಗಿದಾನೆ ಅಂತ ನಾನು ದರ್ಜಿ ಬಾಯಲ್ಲಿ ಕೇಳಬೇಕೇನೋ?"

"ಅಕ್ಕಾ, ನಾನೇನೂ ಆಗಿಲ್ಲ. ಮೆಷಿನ್ನು ತಳ್ಳಿ ತಳ್ಳಿ ಸೊಂಟ ಹೋಯ್ತು, ಅದಕ್ಕೆ ಬೀಜ ಹಾಕಿದೆ." ಅಕ್ಕನ ಮುಂದೆ ಮಾತ್ರ ಅವನಿಗೆ ಉತ್ತರ ಅದೇ ದಿನ ಬರುತ್ತಿತ್ತು.

ಅಕ್ಕ ತಮ್ಮನ ಕೆನ್ನೆ ಹಿಂಡಿದಳು. "ನೋಡೇ ಇವನನ್ನ, ಎಷ್ಟು ಚೆನ್ನಾಗಿ ಗುಟ್ಟು ಮುಚ್ಚಿಡ್ತಾನೆ! ಒಂದನೇ ಕ್ಲಾಸಲ್ಲಿ ಎರಡು ಸಲ ಕೂತವನು ಇವನೇನಾ?"

"ಅತ್ತಿಗೆ, ಅವರು ಹೇಳ್ತಿರೋದು ನಿಜ," ಅಂದಳು ಹೆಂಡತಿ.

"ನಿನಗೂ ಹೇಳಿಲ್ಲ ಅನ್ನು! ಪಾಪ." ಅಕ್ಕ ಅವಳ ತಲೆ ಸವರಿದಳು. "ಹೋಗಲಿ ಬಿಡು. ನಾನಂತೂ ಯಾರ ಹತ್ರಾನೂ ಬಾಯಿ ಬಿಡಲ್ಲ."

ಊರಿನ ಆ ಕಡೆ ಮನೆಮನೆಗೂ ಸುದ್ದಿ ತಲುಪಿದ್ದು ಹೀಗೆ. ಬಸ್ಸು ಎರಡಿದ್ದವಲ್ಲ, ದಾರಿಯಲ್ಲೂ ಸ್ವಲ್ಪ ಹರಡಿತು.

ಸುದ್ದಿ ಹೋಗಿ ನಗರಸಭೆಯ ಉದ್ಯಾನ ಇನ್‌ಸ್ಪೆಕ್ಟರರನ್ನು ಎಬ್ಬಿಸಿತು. ಊರಿನಲ್ಲಿ ಯಾವ ಗಿಡ ಎಲ್ಲಿ ಬೆಳೆಯಬೇಕು ಅನ್ನುವುದು ಅವರ ಜವಾಬ್ದಾರಿ. ತಮಗೆ ತಿಳಿಯದೆ ಬೆಳೆದ ಗಿಡವನ್ನು ಕೀಳಿಸಲೆಂದು ಅವರು ಕೈಯಲ್ಲಿ ಫೈಲು ಹಿಡಿದು ಧಾಂ ಧೂಂ ಅಂತ ಬಂದರು. ಮೊಹರು ಕಂಡಿತು. ಫೈಲು ಬೆನ್ನ ಹಿಂದೆ ಹೋಯಿತು.

"ನೋಡಿ ಸಾರ್," ಅಂದರು ವಿಳಾಸಪ್ಪನಿಗೆ. ಅವನನ್ನು ಯಾವ ಇನ್‌ಸ್ಪೆಕ್ಟರೂ ಅದುವರೆಗೆ ಸಾರ್ ಅಂದಿರಲಿಲ್ಲ. "ನಾನು ಅಡ್ಡಿ ಮಾಡೋಕೆ ಬಂದವನಲ್ಲ. ಒಂದು ಕಾಲಂ ತುಂಬಬೇಕು. ಈ ಜೇನುನೊಣಗಳು ಬರ್ತಿವೆಯಲ್ಲ, ಇವು ಇಲಾಖೇವೋ, ಖಾಸಗಿಯೋ?"

ವಿಳಾಸಪ್ಪ ಬಿಳಿ ಹೂವಿನ ಮೇಲೆ ಕೂತ ನೊಣವನ್ನು ನೋಡಿದ. "ತಾವಾಗೇ ಬರ್ತಾವೆ ಸಾರ್."

ಇನ್‌ಸ್ಪೆಕ್ಟರು 'ಸ್ವಯಂಪ್ರೇರಿತ' ಎಂದು ಬರೆದುಕೊಂಡರು.

ಆದರೂ ಅವರಿಗೆ ನಿದ್ದೆ ಬರಲಿಲ್ಲ. ನಾಳೆ ಮೇಲಿನವರು ಬಂದು, ಇಂಥ ಪ್ರಯೋಗ ನಡೆಯುವಾಗ ನೀನೇನು ಮಾಡುತ್ತಿದ್ದೆ ಎಂದರೆ? ಅವರು ಕಾಗದ ಬರೆದರು. ಯಾರಿಗೆ ಬರೆಯಬೇಕೆಂದು ತಿಳಿಯದೆ ಲಕೋಟೆಯ ಮೇಲೆ, 'ಏಳನೇ ಮನೆಯ ಹುಲ್ಲನ್ನು ಪರಿಶೀಲಿಸುತ್ತಿರುವ ಮಾನ್ಯ ಮೇಲಧಿಕಾರಿಗಳಿಗೆ, ಇಲಾಖೆ' ಎಂದು ಬರೆದು ಡಬ್ಬಿಗೆ ಹಾಕಿದರು.

ಇಂಥ ವಿಳಾಸದ ಕಾಗದ ಎಲ್ಲಿಗೆ ಹೋಗುತ್ತದೆ ಅಂತ ಕೇಳಬೇಕೇ? ಮಾರನೆಯ ಬೆಳಗ್ಗೆ ಹತ್ತು ಗಂಟೆಗೆ ವಿಳಾಸಪ್ಪನ ಮೇಜಿನ ಮೇಲೆ ಬಂದು ಬಿತ್ತು.

ವಿಳಾಸಪ್ಪ ಅದನ್ನು ಎಡಗೈಯಲ್ಲಿ ಹಿಡಿದ, ಬಲಗೈಯಲ್ಲಿ ಹಿಡಿದ, ಬೆಳಕಿಗೆ ಹಿಡಿದ. ಏಳನೇ ಮನೆ ಗೊತ್ತು. ಹುಲ್ಲೂ ಗೊತ್ತು. ಆದರೆ ಮೇಲಧಿಕಾರಿ? ತಾನು ಮೇಲಧಿಕಾರಿಯಲ್ಲ, ತನ್ನ ಕೆಳಗೆ ಇರುವುದು ಒಂದು ಕುರ್ಚಿ, ಅದಕ್ಕೂ ಮೂರೇ ಕಾಲು ನೆಟ್ಟಗಿವೆ. ಬೇರೊಬ್ಬರ ಕಾಗದ ಒಡೆಯುವುದು ಮಹಾಪರಾಧ. ಇಪ್ಪತ್ತು ವರ್ಷದಲ್ಲಿ ಅವನು ಒಂದು ಲಕೋಟೆಯ ಅಂಟನ್ನೂ ಉಗುರಿನಿಂದ ಮುಟ್ಟಿದವನಲ್ಲ. ಪ್ರಾಮಾಣಿಕತೆ ಮನುಷ್ಯನನ್ನು ಎಲ್ಲೆಲ್ಲಿ ಮುಳುಗಿಸುತ್ತದೆ ನೋಡಿ. ಅವನು ನಿಯಮದ ಪುಸ್ತಕದಲ್ಲಿದ್ದಂತೆ ಲಕೋಟೆಗೆ ಒಂದು ಕಂದು ಚೀಟಿ ಕಟ್ಟಿದ, ಮೊಹರು ಒತ್ತಿದ, ಕಳಿಸಿದವರಿಗೇ ವಾಪಸು ಮಾಡಿದ.

ಇನ್‌ಸ್ಪೆಕ್ಟರ ಕೈಗೆ ಅವರದೇ ಲಕೋಟೆ ಒಡೆಯದೆ ಬಂತು. ಮೇಲೆ ಅದೇ ಚೀಟಿ, ಅದೇ ಮೊಹರು. 'ಇಲಾಖೆಯ ಪರಿಶೀಲನೆಯಲ್ಲಿದೆ. ಮೇಲಿನವರ ಅಪ್ಪಣೆಯಿಲ್ಲದೆ ಮುಟ್ಟಕೂಡದು.' ಅವರು ಕುರ್ಚಿಯಲ್ಲಿ ಕುಸಿದು ನೀರು ಕೇಳಿದರು.

"ಕಾಗದ ಕೂಡ ಒಡೀಲಿಲ್ಲ! ಒಡೀದೇನೇ ಎಲ್ಲ ತಿಳ್ಕೊಂಡಿದಾರೆ!"

ಮಾರನೆಯ ದಿನ ಏಳನೇ ಮನೆಯ ಹುಲ್ಲಿನ ಸುತ್ತ ನಾಲ್ಕು ಗೂಟ ಎದ್ದವು. ಗೂಟಕ್ಕೆ ಹಗ್ಗ, ಹಗ್ಗಕ್ಕೆ ಫಲಕ, ಫಲಕ ಕಾಯಲು ಒಬ್ಬ ಕಾವಲುಗಾರ, ಕಾವಲುಗಾರನಿಗೆ ಒಂದು ಕುರ್ಚಿ. ಕುರ್ಚಿ ಹಾಕಿದ್ದು ಹುಲ್ಲಿನ ನಟ್ಟನಡುವೆ. ಸಂಜೆ ಹೆಂಡತಿ ಅಂಗಡಿಯಿಂದ ಕಾಲೆಳೆದುಕೊಂಡು ಬಂದಾಗ ಆ ಮನುಷ್ಯ ಬೂಟು ಬಿಚ್ಚಿಟ್ಟು, ಕ್ಲೋವರಿನಲ್ಲಿ ಹತ್ತೂ ಬೆರಳು ಹೂತು, ಅರೆಗಣ್ಣಾಗಿ ಕೂತಿದ್ದ.

"ಅಮ್ಮಾ, ಒಳಗೆ ಬರಂಗಿಲ್ಲ."

"ಇದು ನಮ್ಮನೆ ಕಣಪ್ಪಾ."

"ಮನೆ ನಿಮ್ದೇ ಅಮ್ಮಾ, ಯಾರು ಬೇಡ ಅಂದ್ರು? ಹುಲ್ಲು ಮೇಲಿನವರದು. ಹಿಂದಿನ ಬಾಗಿಲಿಂದ ಹೋಗಿ."

ಅವಳು ಅವನ ಬರಿಗಾಲನ್ನು ನೋಡಿದಳು. "ಹೇಗಿದೆ?"

"ಏನು ಹೇಳ್ಲಿ ತಾಯೀ," ಅಂದ ಅವನು ಕಣ್ಣು ಮುಚ್ಚಿ. "ಬೆಣ್ಣೆ."

ಅವಳು ಮನೆ ಸುತ್ತು ಹಾಕಿ, ಕಸದ ಡಬ್ಬಿ ದಾಟಿ, ಹಿಂದಿನ ಬಾಗಿಲಿಂದ ಒಳಗೆ ಬಂದಳು. ಗಂಡನನ್ನು ಬೈಯಲಿಲ್ಲ. ಬಕೆಟ್ಟಿಗೆ ಬಿಸಿನೀರು ಹಾಕಿ ಕಾಲು ಇಳಿಬಿಟ್ಟು ಕಿಟಕಿಯಿಂದ ಹೊರಗೆ ನೋಡುತ್ತಾ ಕೂತಳು. ಬೈದಿದ್ದರೆ ಅವನು ಅನ್ನಿಸಿಕೊಂಡು ಉಂಡು ಮಲಗುತ್ತಿದ್ದ. ಬೈಯದ ಹೆಂಡತಿ ಎದುರಿಗಿದ್ದರೆ ತುತ್ತು ಇಳಿಯುತ್ತದೆಯೇ?

"ಶುಕ್ರವಾರ ಸಂಜೆಯಿಂದ ನಿನ್ನ ರಜೆ ಶುರು, ಅಲ್ವಾ?" ಅಂದ.

"ಹೂಂ."

"ಅಷ್ಟರಲ್ಲಿ ಸರಿಮಾಡ್ತೀನಿ."

"ಹೂಂ," ಅಂದಳು ಮತ್ತೆ. ಆ ಎರಡನೆಯ ಹೂಂ ಮೊದಲನೆಯದಕ್ಕಿಂತ ಚಿಕ್ಕದಾಗಿತ್ತು.

ಬೆಳಗ್ಗೆ ನಿರ್ಧಾರ ಮಾಡಿಕೊಂಡೇ ಕಚೇರಿಗೆ ಹೋದ. ಪೋಸ್ಟ್‌ಮಾಸ್ತರರಿಗೆ ಎಲ್ಲ ಹೇಳಿ, ಅವರಿಂದ ಒಂದು ಮಾತು ಇನ್‌ಸ್ಪೆಕ್ಟರಿಗೆ ಹೇಳಿಸಿಬಿಟ್ಟರೆ ಹಗ್ಗ ಬಿಚ್ಚುತ್ತಾರೆ. ಆದರೆ ಪೋಸ್ಟ್‌ಮಾಸ್ತರರೇ ಅವನನ್ನು ಕರೆಸಿದರು. ಬಾಗಿಲು ಹಾಕಿಸಿದರು. ಅವರು ದುಂಡಗಿನ ಮನುಷ್ಯ, ಸಂಶಯವೂ ಅಷ್ಟೇ ದುಂಡಗಿತ್ತು. ತಮ್ಮ ತಲೆಯ ಮೇಲಿಂದ ಇಲಾಖೆ ನೇರವಾಗಿ ಈ ಗುಮಾಸ್ತನಿಗೆ ಕೆಲಸ ಒಪ್ಪಿಸಿದೆ, ಇದರ ಅರ್ಥವೇನು? ಗೊತ್ತಿಲ್ಲ ಅಂದರೆ ಮಾನ ಹೋಗುತ್ತದೆ.

"ನನಗೆ ಎಲ್ಲ ಗೊತ್ತಿದೆ," ಅಂದರು.

ವಿಳಾಸಪ್ಪನ ಎದೆಯಿಂದ ಬಂಡೆ ಇಳಿಯಿತು. "ಗೊತ್ತಾ ಸಾರ್? ಹೇಗೆ ಹೇಳೋದು ಅಂತಿದ್ದೆ."

"ಮೊದಲಿನಿಂದಲೂ ಗೊತ್ತು."

"ಹಾಗಿದ್ರೆ ತಪ್ಪಾಯ್ತು ಸಾರ್, ಕ್ಷಮಿಸಿಬಿಡಿ."

"ತಪ್ಪೇನಿದೆ, ಕರ್ತವ್ಯ!" ಅಂದರು ಪೋಸ್ಟ್‌ಮಾಸ್ತರು, ಏನು ಕರ್ತವ್ಯ ಅಂತ ತಿಳಿಯದೆ. "ಶುಕ್ರವಾರ ಸಂಜೆ ಆರಕ್ಕೆ ನಾನೇ ಬರ್ತೀನಿ. ನಗರಸಭೆಯವರಿಗೂ ಹೇಳಿದೀನಿ. ಎಲ್ಲರ ಎದುರು ತೀರ್ಮಾನ ಆಗಿಹೋಗಲಿ."

ಎಲ್ಲರ ಎದುರು! ವಿಳಾಸಪ್ಪ ಹೊರಗೆ ಬಂದು ತನ್ನ ಮೂರೂವರೆ ಕಾಲಿನ ಕುರ್ಚಿಯಲ್ಲಿ ಕೂತ. ಅವತ್ತು ಬುಧವಾರ. ಮೂರನೆಯ ದಿನ ಶುಕ್ರವಾರ. ಬದುಕಿನಲ್ಲಿ ಮೊದಲ ಸಲ ಲೆಕ್ಕ ಅವನ ಕಡೆಗಿತ್ತು.

ಶುಕ್ರವಾರ ಐದೂವರೆಗೇ ಇಪ್ಪತ್ತು ಮನೆಯ ಜನ ಹಗ್ಗದ ಸುತ್ತ ಸೇರಿದರು. ಡ್ರಿಲ್ ಮಾಸ್ತರು ಹಳೆಯ ಬಿಳಿ ಸಮವಸ್ತ್ರ ತೊಟ್ಟು, ಕೊರಳಿಗೆ ಪೀಪಿ ಹಾಕಿಕೊಂಡು, ಎಲ್ಲರನ್ನೂ ಎತ್ತರದ ಪ್ರಕಾರ ನಿಲ್ಲಿಸಿದರು. ಬ್ರೆಡ್ಡಿನವನನ್ನು ಮೂರು ಸಲ ಜಾಗ ಬದಲಾಯಿಸಿದರು. ಅಕ್ಕ ಮೊದಲನೆಯ ಸಾಲಿನಲ್ಲಿ ನಿಂತು, "ಅವನು ನನ್ನ ಸ್ವಂತ ತಮ್ಮ," ಎಂದು ಕೇಳದವರಿಗೂ ಹೇಳಿದಳು. ಆರಕ್ಕೆ ಸರಿಯಾಗಿ ಪೋಸ್ಟ್‌ಮಾಸ್ತರೂ ಇನ್‌ಸ್ಪೆಕ್ಟರೂ ಬಂದರು. ಒಬ್ಬರಿಗೊಬ್ಬರು ಕೈಮುಗಿದು, ಇವರಿಗೆ ಗೊತ್ತಿರಬೇಕು ಅಂತ ಅವರೂ, ಅವರಿಗೆ ಗೊತ್ತಿರಬೇಕು ಅಂತ ಇವರೂ ಮುಗುಳ್ನಕ್ಕರು.

"ಶುರು ಮಾಡಿ," ಅಂದರು ಇನ್‌ಸ್ಪೆಕ್ಟರು ವಿಳಾಸಪ್ಪನಿಗೆ.

ಆಗ ಬೀದಿಯ ತಿರುವಿನಲ್ಲಿ ಅವನ ಹೆಂಡತಿ ಕಂಡಳು. ಅಂಗಡಿ ಮುಚ್ಚುವ ದಿನ, ಇದ್ದ ಬಟ್ಟೆಯನ್ನೆಲ್ಲ ಮಡಿಸಿ ಒಳಗಿಟ್ಟು ಬರುತ್ತಿದ್ದಳು. ಚಪ್ಪಲಿಯ ಪಟ್ಟಿ ಬಿಚ್ಚಿದ್ದಳು, ಪಾದ ಒಳಗೆ ಹಿಡಿಸುತ್ತಿರಲಿಲ್ಲ. ಜನರನ್ನು ನೋಡಿದಳು, ಹಗ್ಗ ನೋಡಿದಳು, ಹಿಂದಿನ ಬಾಗಿಲಿನ ಕಡೆಗೆ ತಿರುಗಿದಳು.

"ನಿಲ್ಲೇ!" ಅಂದ ವಿಳಾಸಪ್ಪ.

ಡ್ರಿಲ್ ಮಾಸ್ತರು ಕೂಡ ಬೆಚ್ಚಿ ಅಟೆನ್ಷನ್ ಆದರು. ಆ ಗಂಟಲು ಅವನದೇ ಅಂತ ಅವನಿಗೂ ನಂಬಿಕೆಯಾಗಲಿಲ್ಲ.

"ಪರಿಶೀಲನೆನೂ ಇಲ್ಲ, ಪ್ರಯೋಗನೂ ಇಲ್ಲ," ಅಂದ. "ಆ ಚೀಟಿ ರದ್ದಿ. ಹಾಲಿನವನು ತುಳೀಬಾರದು ಅಂತ ನಾನೇ ಕಟ್ಟಿದ್ದು. ಇಲಾಖೆ ಯಾರನ್ನೂ ಆರಿಸಿಲ್ಲ. ನನಗೆ ಮೆಷಿನ್ನು ತಳ್ಳೋಕಾಗಲ್ಲ. ಇವಳಿಗೆ ನಿಂತು ನಿಂತು ಕಾಲು ಊದುತ್ತೆ. ಒಂದು ಸಂಜೆ ಇದರ ಮೇಲೆ ಕೂತ್ಕೋಬೇಕು ಅಂದಳು. ಅದಕ್ಕೇ ಬೆಳೆಸಿದ್ದು. ಇಷ್ಟೇ ಸ್ವಾಮಿ, ಬೇರೇನೂ ಇಲ್ಲ."

ಇನ್‌ಸ್ಪೆಕ್ಟರು ಕಣ್ಣು ಒದ್ದೆ ಮಾಡಿಕೊಂಡು ಚಪ್ಪಾಳೆ ತಟ್ಟಿದರು.

"ಎಂಥಾ ವಿನಯ! ದೊಡ್ಡವರು ಮಾತಾಡೋದೇ ಹೀಗೆ!"

ಎಲ್ಲರೂ ಚಪ್ಪಾಳೆ ತಟ್ಟಿದರು. "ನನ್ನ ಸ್ವಂತ ತಮ್ಮ," ಅಂದಳು ಅಕ್ಕ.

ವಿಳಾಸಪ್ಪ ಕಂಗಾಲಾಗಿ ಹೆಂಡತಿಯನ್ನು ನೋಡಿದ. ನಿಜವನ್ನೂ ಹೇಳಿಯಾಯಿತು, ಇನ್ನು ಅವನ ಹತ್ತಿರ ಏನು ಉಳಿದಿತ್ತು? ಅವಳು ಮಾತ್ರ ಅವನ ಮಾತಿನ ಪ್ರತಿ ಅಕ್ಷರ ನಂಬಿದ್ದಳು. ಚಪ್ಪಲಿ ಎರಡನ್ನೂ ಕೈಗೆ ತೆಗೆದುಕೊಂಡಳು. ಜನರ ನಡುವೆ ದಾರಿ ಮಾಡಿಕೊಂಡು ಬಂದು, ಸೀರೆಯ ನೆರಿಗೆ ಎತ್ತಿ, ಹಗ್ಗ ದಾಟಿದಳು.

"ಅಮ್ಮಾ! ಯಾರ ಅಪ್ಪಣೆ?" ಎಂದು ಕುರ್ಚಿಯಿಂದ ಎದ್ದ ಕಾವಲುಗಾರ, ಬರಿಗಾಲಲ್ಲೇ.

"ನನ್ನ ಕಾಲಿನದು," ಅಂದಳು.

ಬಿಸಿಲು ಇಳಿದು ನೊಣಗಳೆಲ್ಲ ಗೂಡಿಗೆ ಹೋಗಿದ್ದವು. ಆದರೂ ಒಂದು ಬಿದ್ದುಳಿದಿರಬಹುದೆಂದು ಬಿಳಿ ಹೂಗಳ ಮೇಲೆ ಮೆಲ್ಲಗೆ ಕೈಯಾಡಿಸಿ ನೋಡಿ, ಕೂತಳು. ಕಾಲು ಚಾಚಿದಳು. ಊದಿದ, ಕೆಂಪು ಗೆರೆಗಳು ಬಿದ್ದ ಆ ಎರಡು ಪಾದ ಹಸಿರಿನ ಮೇಲೆ ಇಪ್ಪತ್ತು ಮನೆಯವರ ಕಣ್ಣೆದುರು ಬಂದವು. ಯಾವ ಮೊಹರೂ ಆಡದ ಮಾತನ್ನು ಅವು ಆಡಿದವು. ಚಪ್ಪಾಳೆ ಅಲ್ಲೇ ನಿಂತಿತು.

ಮೊದಲು ಅರ್ಥವಾದದ್ದು ಇನ್‌ಸ್ಪೆಕ್ಟರಿಗೆ. ಅವರು ಪೋಸ್ಟ್‌ಮಾಸ್ತರರ ಕಡೆ ತಿರುಗಿ, "ಹಾಗಿದ್ರೆ ನಾನು ಬರೆದ ಮೂರು ವರದಿ?" ಎಂದರು ಅಳುವ ದನಿಯಲ್ಲಿ.

"ನಾಲ್ಕನೇದು ಬರೀರಿ," ಅಂದರು ಪೋಸ್ಟ್‌ಮಾಸ್ತರು ಬೆವರು ಒರೆಸಿಕೊಳ್ಳುತ್ತಾ. "ಪರಿಶೀಲನೆ ಮುಗಿಯಿತು, ಕೂರಲು ಯೋಗ್ಯವಾಗಿದೆ ಅಂತ. ನನಗಂತೂ ಇದು ಮೊದಲೇ ಗೊತ್ತಿತ್ತು."

ಡ್ರಿಲ್ ಮಾಸ್ತರು ಮಾತ್ರ ಹಗ್ಗದ ಆಚೆ ಹಾಗೇ ನಿಂತಿದ್ದರು. ಬಿಳಿ ಸಮವಸ್ತ್ರ ಸ್ವಲ್ಪ ದೊಡ್ಡದಾದಂತೆ ಕಾಣುತ್ತಿತ್ತು. ವಿಳಾಸಪ್ಪ ಅವರ ಹತ್ತಿರ ಹೋದ.

"ಸಾರ್, ಅವತ್ತೇ ಹೇಳೋಕೆ ಬಂದೆ..."

"ಬಂದ್ರಿ. ಚಹಾ ಕುಡಿದ್ರಿ," ಅಂದರು ಮಾಸ್ತರು. ಹುಲ್ಲಿನ ಕಡೆಗೇ ನೋಡುತ್ತಿದ್ದರು. "ನಮ್ಮನ್ನ ಯಾರೂ ಆರಿಸಲಿಲ್ಲ ಅನ್ನಿ."

"ಇಲ್ಲ ಸಾರ್."

"ಹುಲ್ಲು ಮೂರು ಬೆರಳಿದೆ," ಅಂದರು ಕೊನೆಗೆ. ಜೇಬಿನ ಸ್ಕೇಲಿಗೆ ಕೈ ಹಾಕಲಿಲ್ಲ. "ಬೀಜ ಉಳಿದಿದ್ರೆ ನನಗೂ ಒಂದು ಹಿಡಿ ಕೊಡಿ. ನನ್ನ ಸೊಂಟಾನೂ ಹೇಳಿಕೊಳ್ಳೋ ಹಾಗಿಲ್ಲ."

ವಿಳಾಸಪ್ಪ ಹೋಗಿ ಹೆಂಡತಿಯ ಪಕ್ಕ ಕೂತ. ಮೆತ್ತಗಿದೆಯಾ ಎಂದು ಕೇಳಬೇಕೆಂದಿದ್ದ. ಅಷ್ಟರಲ್ಲಿ ಅವಳ ತಲೆ ಅವನ ಭುಜಕ್ಕೆ ಬಿತ್ತು. ಒಂಬತ್ತು ಗಂಟೆ ನಿಂತ ಜೀವ, ಕೂತ ಎರಡು ನಿಮಿಷಕ್ಕೆ ಇಡೀ ಬೀದಿಯ ಎದುರು ನಿದ್ದೆ ಹೋಗಿತ್ತು.

"ಅಯ್ಯೋ, ಮಲಗೇಬಿಟ್ಟಳಲ್ಲೋ!" ಅಂದಳು ಅಕ್ಕ ಜೋರಾಗಿ.

ಡ್ರಿಲ್ ಮಾಸ್ತರು ತುಟಿಯ ಮೇಲೆ ಬೆರಳಿಟ್ಟರು. ಬಾಯಿಗೆ ಹೋಗಿದ್ದ ಪೀಪಿಯನ್ನು ತೆಗೆದರು. ಜನ್ಮದಲ್ಲೇ ಮೊದಲ ಬಾರಿಗೆ ಪಿಸುದನಿಯಲ್ಲಿ ಆಜ್ಞೆ ಕೊಟ್ಟರು.

"ಎಲ್ಲರೂ... ಮೆಲ್ಲಗೆ... ಹಿಂದಕ್ಕೆ ತಿರುಗಿ."

ಇಪ್ಪತ್ತು ಮನೆಯ ಜನ, ಅಕ್ಕ, ಒಬ್ಬ ಪೋಸ್ಟ್‌ಮಾಸ್ತರು, ಒಬ್ಬ ಇನ್‌ಸ್ಪೆಕ್ಟರು, ಬೂಟು ಕೈಯಲ್ಲಿ ಹಿಡಿದ ಒಬ್ಬ ಕಾವಲುಗಾರ, ಎತ್ತರದ ಪ್ರಕಾರ ತುದಿಗಾಲಲ್ಲಿ ನಡೆದು ತಮ್ಮ ತಮ್ಮ ಮನೆಗೆ ಹೋದರು.

ವಿಳಾಸಪ್ಪನ ಎಡಗಾಲು ಜೋಮು ಹಿಡಿಯಿತು. ಸ್ವಲ್ಪ ಹೊತ್ತಿಗೆ ಒಂದು ಇರುವೆ ಕಾಲುಚೀಲದೊಳಗೆ ಇಳಿದು, ತನಗೆ ಬೇಕಾದ ಜಾಗ ಹುಡುಕಿ, ನಿಧಾನವಾಗಿ ಕಚ್ಚಿತು. ಅವನು ಅಲ್ಲಾಡಲಿಲ್ಲ.